ಬಾಗಿಲ ಹಿಡಿಕೆಗೆ ಕಟ್ಟಿದ ಸೀರೆಯ ತುಂಡು

ಹೋದ ತಿಂಗಳು ಶಹಾಬಾದಿನಲ್ಲಿ ವಾಡಿಗೆ ಹೋಗುವ ಕರೆಂಟಿನ ಹೊಸ ಲೋಕಲ್ ರೈಲು ಹತ್ತಿದೆ. ಬಾಗಿಲ ಬಳಿ ಯಾರದೋ ಬುಟ್ಟಿಯಿಂದ ಮೆಂತ್ಯಪಲ್ಲೆಯ ಹಸಿ ವಾಸನೆ ಬಂತು. ನಾವೆಲ್ಲ ಆಯಿ ಎನ್ನುತ್ತಿದ್ದ ಪಕ್ಕದ ಮನೆಯ ಮುದುಕಿಯೇ ಬಂದು ನಿಂತ ಹಾಗಾಯಿತು...

ನಾನು ವಾಡಿಯ ಕಾಲೇಜಿಗೆ ಹೋಗುತ್ತಿದ್ದಾಗ ಆಯಿ ಪಲ್ಲೆ ಮಾರಲು ನಾನು ಹತ್ತುತ್ತಿದ್ದ ಹಳೆಯ ಪ್ಯಾಸೆಂಜರಿಗೇ ಬರುತ್ತಿದ್ದಳು. ಆಯಿ ಗಿಡ್ಡ. ರೈಲು ಡಬ್ಬಿಯ ಮೆಟ್ಟಿಲು ಎತ್ತರ, ಬಾಗಿಲ ಪಕ್ಕದ ಹಿಡಿಕೆ ಇನ್ನೂ ಎತ್ತರ. ಆರಡಿ ಗಂಡಸರನ್ನು ನಿಲ್ಲಿಸಿ ಅಳತೆ ತೆಗೆದಿದ್ದರೋ ಏನೋ! ಮೊದಲು ನಾನು ಹತ್ತಿ, ಅವಳ ಹಳೆಯ ಹಸಿರು ಸೀರೆಯ ತುಂಡನ್ನು ಹಿಡಿಕೆಗೆ ಕಟ್ಟಿ ಕೆಳಗೆ ಇಳಿಬಿಡುತ್ತಿದ್ದೆ. ಅದನ್ನು ಹಿಡಿದು ಆಯಿ ಹತ್ತುತ್ತಿದ್ದಳು. ವಾಡಿಯಲ್ಲಿ ಅವಳು ಇಳಿದ ಮೇಲೆ ಗಂಟು ಬಿಚ್ಚುವುದೂ ನನ್ನದೇ ಕೆಲಸ.

ಒಮ್ಮೆ ನಡುವಿನ ಸ್ಟೇಷನ್ನಿನಲ್ಲಿ ಹತ್ತಲು ಬಂದ ಹೆಂಗಸೊಬ್ಬಳು ಆ ತುಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾರದೋ ಹರಕೆಯ ಬಟ್ಟೆ ಎಂದುಕೊಂಡಿದ್ದಳು ಪಾಪ. ಹಿಡಿದು ಜಗ್ಗಲು ಹೆದರಿ ಕೆಳಗೇ ನಿಂತುಬಿಟ್ಟಳು.

"ಏ ತಂಗಿ, ಅದು ದೇವರದ್ದಲ್ಲ, ನನ್ನ ಮೊಣಕಾಲಿಂದು. ಜಗ್ಗಿ ಹತ್ತು, ಗಾಡಿ ಬಿಡ್ಲಾಕತ್ತದ!" ಎಂದು ಆಯಿ ಕೂಗಿದಳು. ಡಬ್ಬಿಗೆ ಡಬ್ಬಿಯೇ ನಕ್ಕಿತು.

ಆದರೆ ಆ ಮೊಣಕಾಲು ವರ್ಷದಿಂದ ವರ್ಷಕ್ಕೆ ಕೆಟ್ಟಿತು. ಸಾಕು, ಇನ್ನು ಮನೆಯಲ್ಲಿರು ಎಂದ ಮಗ. ಬಾಜಾರ ಬಿಟ್ಟು ಬದುಕುವವಳಲ್ಲ ಅವಳು. ನನಗೆ ರೈಲು ಡಬ್ಬಿಗಳ ನಕ್ಷೆ ಬಿಡಿಸುವ ನೌಕರಿ ಸಿಕ್ಕಿತೆಂದು ಹೇಳಲು ಹೋದಾಗ ಆಯಿ ಕೇಳಿದ್ದು ಒಂದೇ: "ಹಿಡಕಿ ಸ್ವಲ್ಪ ಕೆಳಗ ಇಡವ್ವಾ. ಗಾಡಿ ಹತ್ತಲಾಕ ಬರಲ್ಲಂದ್ರ ನಾ ಮನ್ಯಾಗ ಕುಂತು ಏನ್ ಮಾಡ್ಲಿ?"

ಆಫೀಸಿನಲ್ಲಿ ಅದಕ್ಕಾಗಿ ಜಗಳವನ್ನೇ ಆಡಿದೆ. ಜನ ಬೇಗ ಹತ್ತಿ ಇಳಿಯುವ ಲೋಕಲ್ ರೈಲಿಗೆ ಬಾಗಿಲು ಅಗಲ ಮಾಡಿದರೆ ಸಾಕು ಎಂಬುದು ಮೇಲಿನವರ ವಾದ. ಹಿಡಿಕೆ ಕೈಗೆ ಸಿಗದವರಿಗೆ ಅಗಲ ಬಾಗಿಲು ಕಟ್ಟಿಕೊಂಡು ಏನಾಗಬೇಕು ಎಂಬುದು ನನ್ನದು. ಕೊನೆಗೂ ಒಪ್ಪಿದರು. ಆದರೆ ನಕ್ಷೆ ರೈಲಾಗಿ ನಮ್ಮೂರಿನ ಹಳಿಗೆ ಬರುವಷ್ಟರಲ್ಲಿ ಆಯಿ ಹೋಗಿಬಿಟ್ಟಿದ್ದಳು... ಕೊನೆಕೊನೆಗೆ ಮನೆಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಕೂತು ಗಾಡಿಯ ಸದ್ದು ಕೇಳುತ್ತಿದ್ದಳಂತೆ.

ವಾಡಿ ಬಂತು. ಮೆಂತ್ಯದ ಬುಟ್ಟಿಯವಳು ಕೆಳತನಕ ಇಳಿದಿದ್ದ ಹಿಡಿಕೆಯನ್ನು ನೋಡದೆಯೇ ಹಿಡಿದು ಸಲೀಸಾಗಿ ಇಳಿದು ಹೋದಳು. ಸಂತೋಷವೇನೋ ಆಯಿತು. ಆಯಿ ಒಂದೇ ಒಂದು ಸಲ ಹೀಗೆ ಇಳಿಯಬೇಕಿತ್ತು ಎಂದು ಸಂಕಟವೂ ಆಯಿತು. ಬುಟ್ಟಿಯವಳ ಹಿಂದೆ ಇಳಿಯುವಾಗ, ಗಂಟು ಬಿಚ್ಚಲೆಂದು ನನ್ನ ಕೈ ತಾನಾಗಿಯೇ ಹಿಡಿಕೆಗೆ ಹೋಯಿತು. ಬಿಚ್ಚಲು ಅಲ್ಲಿ ಏನೂ ಇರಲಿಲ್ಲ.