ಅತ್ತೆ ಬೆಳೆಸಿದ ಸೆಲರಿ

ಟೇಲರಮ್ಮನ ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಲು ಹೊರಟಾಗ ತನ್ನ ಬಟ್ಟೆಬರೆ, ರೇಡಿಯೋ, ಗೋಡೆ ಗಡಿಯಾರ ಎಲ್ಲವನ್ನೂ ನೆನಪಿಟ್ಟುಕೊಂಡು ಒಯ್ದ. ಹೆತ್ತ ತಾಯಿಯನ್ನು ಮಾತ್ರ ಬಿಟ್ಟುಹೋದ.

ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಮೊದಲಿನಿಂದಲೂ ಅವರದು ಅಷ್ಟಕ್ಕಷ್ಟೇ. ಈಗಂತೂ ಅತ್ತೆ ತಪ್ಪೆಲ್ಲ ತಮ್ಮದೇ ಎಂಬಂತೆ ತಲೆ ತಗ್ಗಿಸಿ ಕೂರುತ್ತಿದ್ದರು. ಸೊಸೆ ಹೊಲಿಗೆ ಯಂತ್ರಕ್ಕೆ ಅಂಟಿಕೊಂಡಿದ್ದಳು. ಮಗ ಬಂದು ಕರೆದರೆ ಇವರು ಹಿಂದೆಮುಂದೆ ನೋಡದೆ ಹೊರಟುಬಿಡುತ್ತಾರೆ ಎಂದು ಅವಳಿಗೆ ಖಾತ್ರಿಯಿತ್ತು. ಹಾಗಾಗಿ ಹೆಚ್ಚು ಹಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಬಿಪಿ ಏರಿ, ಡಾಕ್ಟರು ಉಪ್ಪಿಗೆ ಕತ್ತರಿ ಹಾಕಿದರು. ಸಪ್ಪೆ ತುತ್ತನ್ನು ಅವರು ಬಾಯಲ್ಲೇ ಅತ್ತಿಂದಿತ್ತ ತಳ್ಳುವುದನ್ನು ನೋಡಲಾರದೆ ಸೊಸೆ ಕೆಳಗಿನ ಮನೆಯ ನರ್ಸಮ್ಮನ ಬಳಿ ಹೇಳಿಕೊಂಡಳು. ಸೆಲರಿ ಅಂತ ದಂಟಿನ ಸೊಪ್ಪು ಸಿಗುತ್ತೆ, ಅದಕ್ಕೆ ತನ್ನದೇ ಒಂದು ಉಪ್ಪುಪ್ಪು ರುಚಿಯಿದೆ, ಸೂಪಿಗೆ ಹಾಕಿ ನೋಡು ಎಂದಳು ನರ್ಸಮ್ಮ. ಅವತ್ತು ಅತ್ತೆ ಬಟ್ಟಲು ಖಾಲಿ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡರು. ಸೊಸೆ ಸೆಲರಿಯ ಬುಡವನ್ನು ಕಸಕ್ಕೆ ಹಾಕಲು ಹೋದರೆ ಕೈ ಹಿಡಿದರು. ಗಟ್ಟಿ ಬುಡ, ಚಿಗುರುತ್ತೆ ಎಂದರು.

ಬುಡವನ್ನು ನೀರಿನ ಬಟ್ಟಲಲ್ಲಿ ಕೂರಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ದಿನಾ ನೀರು ಬದಲಿಸಿದರು. ನಡುವಿನಿಂದ ಎಳೆ ಹಸಿರು ಎಲೆ ಇಣುಕಿತು, ಕೆಳಗೆ ಕೂದಲಿನಂಥ ಬೇರು ಬಿಟ್ಟಿತು. ಆಮೇಲೆ ತಳಕ್ಕೆ ತೂತು ಹೊಡೆದ ಹಳೇ ಪೇಂಟ್ ಬಕೆಟ್ಟಿಗೆ ಮಣ್ಣು, ಗೊಬ್ಬರ ತುಂಬಿ ನೆಟ್ಟರು. ಸೆಲರಿಯದು ಮಹಾ ನೀರಡಿಕೆ. ಮಣ್ಣು ಒಣಗಿದರೆ ದಂಟು ನಾರಾಗಿ ಕಹಿಯಾಗುತ್ತದೆ, ಬಿಸಿಲು ಚುರುಕಾದರೆ ಗಿಡ ಕತ್ತು ಬಾಗಿಸುತ್ತದೆ. ಬಕೆಟ್ಟನ್ನು ನೆರಳಿಗೆ ಸರಿಸಲು ಅತ್ತೆಗೆ ಶಕ್ತಿ ಸಾಲದು. "ಸ್ವಲ್ಪ ಹಿಡೀತೀಯಾ?" ಎನ್ನುತ್ತಿದ್ದರು. ಹೀಗೆ ಮಾತು ಶುರುವಾಯಿತು.

ದಂಟಿಗೆ ಕಾಗದ ಸುತ್ತಿದರೆ ಬೆಳ್ಳಗೆ, ಮೆತ್ತಗೆ ಬರುತ್ತದಂತೆ. ಸೊಸೆ ಹೊಲಿಗೆಯ ಅಳತೆಗೆ ಕತ್ತರಿಸಿಟ್ಟ ಹಳೇ ಕಾಗದ ತಂದಳು. ಅದು ಯಾರದೋ ರವಿಕೆಯ ತೋಳು.

"ತೋಳು ಬಿಗಿಯಾಯ್ತು ಕಣೆ ಇದಕ್ಕೆ" ಎಂದರು ಅತ್ತೆ.

"ಕಂಕುಳಲ್ಲಿ ಸ್ವಲ್ಪ ಬಿಟ್ಟುಕೊಡ್ತೀನಿ, ಬಿಡಿ."

ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು.

ಮಗ ಬಂದಿದ್ದು ಒಂದು ಮಧ್ಯಾಹ್ನ. ಟೇಲರಮ್ಮ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಗಿರಾಕಿಯ ಬಟ್ಟೆಯ ಅಂಚು ಮಡಿಸುತ್ತಿದ್ದಳು. ಅವನು ಅವಳ ಕಡೆ ನೋಡಲಿಲ್ಲ. ಮನೆಗೆ ಕೂಸು ಬರುವುದಿದೆ, ಅಮ್ಮನಿಗೆ ಬೇರೆ ಕೋಣೆಯೇ ಇದೆ, ಬಟ್ಟೆ ಕಟ್ಟಿಕೊಂಡು ಹೊರಡಲಿ ಎಂದ. ಕೂಸು ಎಂದದ್ದೇ ತಡ, ಅತ್ತೆಯ ಮುಖ ಅರಳಿದ್ದನ್ನು ಸೊಸೆ ಕಂಡಳು. ಮುಗಿಯಿತು ಅಂದುಕೊಂಡಳು.

ಅತ್ತೆ ಮೊದಲು ಗಿಡದ ನೆಪ ತೆಗೆದರು. ದಿನಾ ನೀರು ಬೇಕು, ಯಾರು ಹಾಕುತ್ತಾರೆ ಎಂದರು. ಬಕೆಟ್ಟನ್ನೂ ಗಾಡಿಯಲ್ಲಿ ಹಾಕಿಕೊಂಡರಾಯಿತು ಎಂದ ಮಗ.

"ಗಿಡದ ಮಾತು ಬಿಡು" ಎಂದರು ಅತ್ತೆ. "ನೀನು ಹೋಗುವಾಗ ನನ್ನನ್ನ ಒಂದು ಮಾತು ಕೇಳಲಿಲ್ಲ. ನಾನು ಇವಳನ್ನ ಕೇಳದೆ ಹೊರಡಲ್ಲ."

ಇಬ್ಬರೂ ಅವಳತ್ತ ತಿರುಗಿದರು. ಟೇಲರಮ್ಮ ಸೂಜಿಗಳನ್ನು ಬಾಯಿಂದ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅಷ್ಟು ಹೊತ್ತು ಬೇಕಾಯಿತು ಅವಳಿಗೆ.

"ಹೋಗಬೇಡಿ ಅತ್ತೆ."

ಮಗ ಗೊಣಗುತ್ತಾ ಹೋದ. ಸಂಜೆ ಅತ್ತೆ ಇನ್ನೂ ಹುಟ್ಟದ ಕೂಸಿಗಾಗಿ ಅತ್ತರು. ಸೊಸೆ ಯಂತ್ರ ನಿಲ್ಲಿಸಿ ಪಕ್ಕದಲ್ಲಿ ಕೂತಳು. ಕೂಸು ಏನು ತಪ್ಪು ಮಾಡಿದೆ, ಹುಟ್ಟಿದ ಮೇಲೆ ಹೋಗಿ ನೋಡಿ ಬನ್ನಿ ಎಂದು ತಾನಾಗೇ ಹೇಳಿದಳು.

ಕೂಸು ಹುಟ್ಟಿತು, ಹೆಣ್ಣು. ಮೊದಲ ಸಲ ನೋಡಲು ಹೊರಟ ದಿನ ಅತ್ತೆ ಬಾಗಿಲಲ್ಲೇ ನಿಂತು ತಾಕೀತು ಮಾಡಿದರು: ಸೂಪಿಗೆ ಹೊರಗಿನ ದಂಟು ಮಾತ್ರ ಕೊಯ್ಯಬೇಕು, ನಡುವಿನ ಸುಳಿ ಮುಟ್ಟಕೂಡದು. ಸೊಸೆ ಹೂಂಗುಟ್ಟುತ್ತಾ ಅವರ ಚೀಲ ತೆಗೆದುಕೊಂಡು ಬಸ್ ಸ್ಟಾಪಿನವರೆಗೂ ನಡೆದಳು. ಬಸ್ಸು ಹತ್ತಿಸಿ, ಸಂಜೆ ವಾಪಸ್ಸು ಬರುವುದು ಯಾವ ಬಸ್ಸಿಗೆಂದು ಕಿಟಕಿಯ ಹತ್ತಿರ ನಿಂತು ಕೇಳಿಕೊಂಡಳು.