ಜಾಕೆಟ್ ಕಿಸೆಯ ಒಣಮೀನು

ದೋಹಾದಲ್ಲಿ ಇಳಿದಾಗ ನನ್ನ ಮೈಮೇಲಿದ್ದದ್ದು ಅಲಾಸ್ಕಾದ ಒಬ್ಬ ಅಜ್ಜಿಯ ಜಾಕೆಟ್. ಕಳೆದ ವಾರ ಅಲ್ಲಿನ ಹಿಮದ ರನ್‌ವೇಯಲ್ಲಿ ನಮ್ಮ ಪುಟ್ಟ ವಿಮಾನ ಮೇಲೇಳಲಾರದೆ ಅಡ್ಡಕ್ಕೆ ಜಾರಿ, ಹಿಮದ ರಾಶಿಗೆ ಮೂತಿ ತೂರಿಸಿ ನಿಂತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಓಡಿಬಂದ ಊರವರಲ್ಲಿ ಆ ಅಜ್ಜಿ, ನಡುಗುತ್ತಿದ್ದ ನನಗೆ ತಮ್ಮ ಜಾಕೆಟ್ ತೊಡಿಸಿದರು. ಮರುದಿನ ಬೇರೆ ವಿಮಾನ ಹತ್ತುವಾಗ ಮರಳಿಸಹೋದರೆ ತೆಗೆದುಕೊಳ್ಳಲಿಲ್ಲ. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುವಂತಿರಲಿಲ್ಲ; ಅಜ್ಜಿ ಜಾಕೆಟ್ಟಿನ ಕಿಸೆ ತಟ್ಟಿ, ತಮ್ಮ ದವಡೆ ಮುಟ್ಟಿ ತೋರಿಸಿದರು. ಅದು ಅಲ್ಲಿಯವರು ಹರಸುವ ರೀತಿ ಇರಬೇಕೆಂದು ಕೈಮುಗಿದೆ.

ದೋಹಾ ವಿಮಾನ ನಿಲ್ದಾಣದ ಹತ್ತಿರದ ಬಡಾವಣೆ ಅಲ್ ಥುಮಾಮಾದಲ್ಲಿರುವ ಗೆಳೆಯನ ಮನೆಗೆ ಬಂದೆ. ವಿಮಾನ ಏಳುವ ಸದ್ದಾದಾಗಲೆಲ್ಲ ನಾನು ಕುರ್ಚಿ ಬಿಗಿಹಿಡಿಯುವುದನ್ನು ಅವನ ಹೆಂಡತಿ, ಉಡುಪಿ ಕಡೆಯ ಲೆನಿಟಾ, ಗಮನಿಸಿದ್ದರು. ಜಾಕೆಟನ್ನು ಗಾಳಿಗೆ ಹಾಕಹೋದವರು ಮೂಗರಳಿಸಿದರು.

“ಇದೆಂತ ಮಾರಾಯ್ರೆ, ಕಿಸೆಯಲ್ಲಿ ಒಣಮೀನು.”

ಕಾಗದದಲ್ಲಿ ಸುತ್ತಿದ ಸಾಲ್ಮನ್ ಪಟ್ಟಿಗಳು, ಚರ್ಮದಷ್ಟು ಗಟ್ಟಿ. ಅಜ್ಜಿ ದವಡೆ ಮುಟ್ಟಿ ತೋರಿಸಿದ್ದನ್ನು ಹೇಳಿದೆ. ಲೆನಿಟಾ ನಕ್ಕರು.

“ಜಗಿಯಲಿಕ್ಕೆ ಹೇಳಿದ್ದು ಅವರು. ವಿಮಾನ ಏಳುವಾಗ ಕಿವಿ ಕಟ್ಟುದಿಲ್ಲ, ಹೆದರಿಕೆಯೂ ಸ್ವಲ್ಪ ಮರೀತದೆ. ನೀವು ಬರೇ ಕೈಮುಗಿದು ಬಂದದ್ದಾ?”

ಒಂದು ಪಟ್ಟಿಯನ್ನು ಸುಟ್ಟು ಗಂಜಿಯ ಜೊತೆ ಬಡಿಸಿದರು. ಇನ್ನೊಂದಕ್ಕೆ ಕೈಚಾಚಿದೆ.

“ಖಲಾಸ್, ಇವತ್ತಿಗೆ ಸಾಕು. ಉಳಿದದ್ದು ನಾಳೆಯ ಮಂಗಳೂರು ಫ್ಲೈಟಿಗೆ” ಎಂದು ಲೆನಿಟಾ ಪೊಟ್ಟಣವನ್ನು ಕಿಸೆಗೇ ತುರುಕಿದರು.

ಆ ಫ್ಲೈಟಿನಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ರನ್‌ವೇಯಲ್ಲಿ ಓಟ ಶುರುವಾದಾಗ ಒಂದು ತುಂಡು ಬಾಯಿಗಿಟ್ಟೆ. ಪಕ್ಕದ ಸೀಟಿನ ಹಿರಿಯರು ವಾಸನೆ ಹಿಡಿದು ನನ್ನತ್ತ ತಿರುಗಿ ಅಂಗೈ ಚಾಚಿದರು. ಚಕ್ರ ನೆಲ ಬಿಟ್ಟಾಗ ಇಬ್ಬರೂ ಜಗಿಯುತ್ತಿದ್ದೆವು.