ಟಾಸ್ಕ್‌ಬಾರ್ ಜಾಗ ಬಿಟ್ಟಾಗ

ಮೌಸ್ ಮೇಲಿನ ಧೂಳು ಒರೆಸುತ್ತಿದ್ದೆ, ಅಷ್ಟೇ. ಕಂಪ್ಯೂಟರ್ ಪರದೆಯ ಕೆಳಅಂಚಿನಲ್ಲಿದ್ದ ಪಟ್ಟಿ, ಅಂದರೆ ಟಾಸ್ಕ್‌ಬಾರ್ ಬಲಗಡೆಗೆ ಹೋಗಿ ಕಂಬದ ಹಾಗೆ ನಿಂತುಬಿಟ್ಟಿತು! ಇನ್ನು ಸ್ವಲ್ಪ ಹೊತ್ತಿಗೆ ಅದೇ ಕಂಪ್ಯೂಟರಿನಲ್ಲಿ ಮಗಳ ಕೆಲಸದ ಆನ್‌ಲೈನ್ ಸಂದರ್ಶನ. ಅವಳು ಸ್ನಾನಕ್ಕೆ ಹೋಗಿದ್ದಳು. ಏನು ಒತ್ತಬೇಕೆಂದೇ ನನಗೆ ಗೊತ್ತಾಗಲಿಲ್ಲ. ಕಂಪ್ಯೂಟರ್ ಕೊಂಡಿದ್ದ ಚನ್ನಪಟ್ಟಣದ ಅಂಗಡಿಯ ಸ್ಟಿಕ್ಕರ್ ಕಣ್ಣಿಗೆ ಬಿತ್ತು. ಅದರಲ್ಲಿ ಮಾಸಿಹೋಗಿದ್ದ ನಂಬರನ್ನು ಹೇಗೋ ಓದಿ ಫೋನ್ ಮಾಡಿ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ.

“ಗಾಬರಿ ಆಗ್ಬ್ಯಾಡಿ ಅಕ್ಕ, ನಮ್ಮನೇಲೂ ಹಿಂಗೇ ಆಗಿತ್ತು. ಆ ಪಟ್ಟೀಲಿ ಖಾಲಿ ಜಾಗ ಐತಲ್ಲ, ಅಲ್ಲಿ ಮೌಸ್ ಒತ್ತಿ ಹಿಡ್ಕೊಂಡು ಕೆಳಕ್ಕೆ ಎಳೀರಿ. ಕೈ ಬುಡಬ್ಯಾಡಿ,” ಎಂದರು ಆ ಕಡೆಯವರು.

ಎಳೆದೆ. ಅದು ಮೇಲಕ್ಕೆ ಹೋಗಿ ಕೂತಿತು. “ಇರ್ಲಿ, ಒಸಿ ನಿಧಾನಕ್ಕೆ ಎಳೀರಿ,” ಎಂದರು. ಈ ಸಲ ಸರಿಯಾಗಿ ಕೆಳಗೆ ಬಂತು. ಖುಷಿಯಲ್ಲಿ, ಅಂಗಡಿಗೇ ಬಂದು ಥ್ಯಾಂಕ್ಸ್ ಹೇಳುತ್ತೇನೆ ಎಂದೆ.

“ಬನ್ನಿ ಅಕ್ಕ. ಆದ್ರೆ ನಮ್ದು ಬೊಂಬೆ ಅಂಗಡಿ. ನೀವು ಮಾಡಿರೋದು ರಾಂಗ್ ನಂಬರ್!” ಎಂದು ನಕ್ಕರು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀವು ಅಳೋ ಹಂಗಿದ್ರಿ. ರಾಂಗ್ ನಂಬರ್ ಅಂತ ಹೆಂಗೆ ಫೋನ್ ಇಡೋದು?”

ಮಗಳ ಸಂದರ್ಶನ ಚೆನ್ನಾಗಿಯೇ ನಡೆಯಿತು. ಈಗ ನನಗೂ ಯಾರದಾದರೂ ತಪ್ಪು ಕರೆ ಬಂದರೆ ತಕ್ಷಣ ಇಡಲು ಮನಸ್ಸಾಗುವುದಿಲ್ಲ. ಮೊನ್ನೆ ಹಾಗೆ ಕರೆ ಮಾಡಿದ ಅಜ್ಜಿಯೊಬ್ಬರಿಗೆ ರಾಮನಗರದಲ್ಲಿ ಮಾಗಡಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿವರವಾಗಿ ಹೇಳಿದೆ. ಅವರು ನನ್ನನ್ನು ಕೊನೆಯವರೆಗೂ ಸೊಸೆ ಎಂದೇ ತಿಳಿದಿದ್ದರು!